ಬತ್ತೇರಿಗೆ ಬಂದ ಸಮುದ್ರ

ಸಮುದ್ರವಿಲ್ಲದ ಊರಲ್ಲಿ ಸಮುದ್ರದ ಕಚೇರಿ ಇಟ್ಟರೆ ಏನೇನು ಆಗಬೇಕೋ ಅದೆಲ್ಲ ಆಗುತ್ತಲೇ ಇರುತ್ತದೆ. ಯಾರನ್ನೂ ದೂರುವಂತಿಲ್ಲ. ಕೇರಳದಲ್ಲಿ ವಯನಾಡು ಹೊಸ ಜಿಲ್ಲೆಯಾದಾಗ, ಜಿಲ್ಲೆಗೊಂದು ಉಪಕೇಂದ್ರ ಇರಲೇಬೇಕು ಅಂತ ಆದೇಶವಾಗಿ, ಸಮುದ್ರ ಸಂಶೋಧನೆಯ ಸಂಸ್ಥೆಯೊಂದು ಸುಲ್ತಾನ್ ಬತ್ತೇರಿಯಲ್ಲಿ ಬಾಡಿಗೆ ಕಟ್ಟಡ ಹಿಡಿಯಿತು. ತಿಂಗಳಿಗೊಂದು ಉಪನ್ಯಾಸ. ಪ್ರೊಜೆಕ್ಟರಿಗೆ ಸ್ಲೈಡ್ ಹಾಕುವುದು, ವಿಜ್ಞಾನಿಗಳ ಇಂಗ್ಲಿಷನ್ನು ಗಡಿ ಹಳ್ಳಿಗಳಿಂದ ಬರುವ ಕನ್ನಡದವರಿಗೆ ತಿಳಿಸುವುದು ನನ್ನ ಕೆಲಸ. ನೌಕರಿ ತಾತ್ಕಾಲಿಕ.

ಮೊದಲ ಪ್ರಶ್ನೆ

ಮೊದಲ ಉಪನ್ಯಾಸ ಉಬ್ಬರ ಇಳಿತದ ಮೇಲೆ. ಕೊನೆಗೆ ವಿಜ್ಞಾನಿ, ಪ್ರಶ್ನೆ ಇದ್ದರೆ ಕೇಳಿ ಅಂದರು. ಪಕ್ಕದ ನೂಲ್ಪುಳದ ರೈತರೊಬ್ಬರು ಎದ್ದರು.

"ಅಲ್ಲ ಸಾರ್, ಹೊಸ ಜಿಲ್ಲೇಲಿ ಎಲ್ಲಾದಕ್ಕೂ ಮೊದ್ಲು ಆಫೀಸು ಬರ್ತದೆ, ಆಮೇಲೆ ಜಾಗ ಅಳೆಯೋಕೆ ಬರ್ತಾರೆ. ಸಮುದ್ರಕ್ಕೆ ಯಾರ ಗದ್ದೆ ತಗೋತೀರಿ?"

ನಾನು ಇಂಗ್ಲಿಷಿನಲ್ಲಿ ಹೇಳಿದೆ. ವಿಜ್ಞಾನಿ ಬಿದ್ದು ಬಿದ್ದು ನಕ್ಕರು. ರೈತರ ಮುಖ ಬಾಡಿತು.

"ನಗ್ತಾವ್ರೆ ಅಂದ್ರೆ ನಮ್ ಗದ್ದೇನೇ ಇರ್ಬೇಕು," ಅಂತ ಕೂತುಬಿಟ್ಟರು.

ಸೀಸೆ

ಇನ್ನೊಬ್ಬ ವಿಜ್ಞಾನಿ ಉಪ್ಪಿನಂಶದ ಬಗ್ಗೆ ಮಾತಾಡಲು ಕಲ್ಲಿಕೋಟೆಯಿಂದ ಒಂದು ಸೀಸೆ ಸಮುದ್ರದ ನೀರು ತಂದಿದ್ದರು. "ಎಲ್ಲರೂ ನೋಡಲಿ," ಅಂತ ಮುಂದಿನ ಸಾಲಿಗೆ ಕೊಡಿಸಿದರು. ಅಲ್ಲಿ ಕೂತಿದ್ದ ಅಜ್ಜಿ ಅಂಗೈಗೆ ಸ್ವಲ್ಪ ಹಾಕಿಕೊಂಡು ಕುಡಿದು, ಉಳಿದ ಹನಿಯನ್ನು ತಲೆಗೆ ಸವರಿಕೊಂಡರು. ಆಮೇಲೆ ಕೇಳಬೇಕೆ? ಸಾಲಿಗೆ ಸಾಲೇ ಬಲಗೈ ಚಾಚಿತು. ಸೀಸೆ ಖಾಲಿಯಾಗಿ ವಾಪಸು ಬಂತು.

"ನನ್ನ ನೀರೆಲ್ಲಿ?" ಅಂದರು ವಿಜ್ಞಾನಿ.

"ಮುಗೀತು ಮಗಾ," ಅಂದರು ಅಜ್ಜಿ. "ಉಪ್ಪು ಒಂಚೂರು ಜಾಸ್ತಿ."

ಬೈಗುಳ ನನಗೆ. "ಇನ್ನೊಂದು ಎಡವಟ್ಟಾದರೆ ಮನೆಗೆ ಹೊರಡು," ಅಂದರು ಕೇಂದ್ರದ ಮುಖ್ಯಸ್ಥರು. "ಮುಂದಿನ ತಿಂಗಳು ದೊಡ್ಡ ತಜ್ಞರು ಬರುತ್ತಾರೆ. ತಪ್ಪಿಲ್ಲದೆ ನಡೆಯಿತು ಅಂತ ಅವರು ವರದಿ ಬರೆದರೆ ನಿನ್ನ ಕೆಲಸ ಖಾಯಂ."

ಹವಳ

ತಜ್ಞರ ವಿಷಯ ಹವಳ. ಕಟ್ಟಡದ ಇನ್ನರ್ಧ ಕೃಷಿ ಕಚೇರಿ. ಎರಡೂ ಕಚೇರಿಗಳ ಸ್ಲೈಡುಗಳು ಒಂದೇ ಬೀರುವಿನಲ್ಲಿರುತ್ತಿದ್ದವು. ಐದನೇ ಸ್ಲೈಡ್ ಹಾಕಿದೆ. ಪರದೆ ತುಂಬ ಶುಂಠಿ! ಹೋಯಿತು ನೌಕರಿ ಅಂದುಕೊಂಡೆ.

ತಜ್ಞರು ಪರದೆಗೆ ಕೋಲು ಹಚ್ಚಿ ಶುರುಮಾಡಿಯೇಬಿಟ್ಟರು. "ಇದು ಅಪರೂಪದ ಹವಳ. ಕವಲುಗಳನ್ನು ಗಮನಿಸಿ. ತುಂಬಾ ಆಳದಲ್ಲಿ ಮಾತ್ರ ಸಿಗುತ್ತದೆ. ನಾನೇ ಮುಳುಗಿ ನೋಡಿದ್ದೇನೆ."

ನಾನು ಕನ್ನಡದಲ್ಲಿ ಅಷ್ಟನ್ನೂ ಹೇಳಿದೆ. ಬೇರೆ ದಾರಿ ಇರಲಿಲ್ಲ.

ನೂಲ್ಪುಳದ ಅದೇ ರೈತರು ಎದ್ದರು. ಸಂತೆಯಿಂದ ನೇರ ಬಂದಿದ್ದರು. ಚೀಲದಿಂದ ಒಂದು ಗೆಡ್ಡೆ ತೆಗೆದು ತಜ್ಞರ ಮುಂದೆ ಮೇಜಿನ ಮೇಲೆ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಮುಳುಗೋದು ಬೇಡ ಅನ್ನಪ್ಪಾ ಅವ್ರಿಗೆ. ಚಾಯಕ್ಕೂ ಹಾಕ್ಬಹುದು," ಅಂದರು.

ತಜ್ಞರು ಗೆಡ್ಡೆ ನೋಡಿದರು, ಪರದೆ ನೋಡಿದರು. ಗೆಡ್ಡೆಯನ್ನು ಜೇಬಿಗಿಳಿಸಿ, "ಮುಂದಿನ ಸ್ಲೈಡ್," ಅಂದರು.

ವರದಿಗಾಗಿ ವಾರವಿಡೀ ಕಾದೆ. ಸ್ಲೈಡ್ ತಪ್ಪಾಗಿತ್ತು ಅಂತ ಬರೆದರೆ ತಜ್ಞರು ತಾವು ಅದನ್ನೇ ಹವಳ ಅಂದಿದ್ದನ್ನೂ ಬರೆಯಬೇಕಲ್ಲ! ಹಾಗಾಗಿ ವರದಿ ಹೀಗೆ ಬಂತು: "ಸ್ಲೈಡುಗಳೆಲ್ಲ ಕ್ರಮವಾಗಿದ್ದವು. ಯಾವ ತಪ್ಪೂ ಕಂಡುಬರಲಿಲ್ಲ."

ನಾನು ಖಾಯಂ ಆದೆ.

ಕೃಷಿ ಕಚೇರಿಯವರು ಮಾತ್ರ ಆಗಾಗ ಬಂದು ಕೇಳುತ್ತಿದ್ದರು, "ನಮ್ಮ ಶುಂಠಿ ಸ್ಲೈಡ್ ನಿಮ್ಮಲ್ಲಿ ಸೇರಿಕೊಂಡಿದೆಯಾ?"

"ಇಲ್ಲ ಸಾರ್," ಅನ್ನುತ್ತಿದ್ದೆ. "ನಮ್ಮಲ್ಲಿರೋದೆಲ್ಲ ಹವಳ. ಬೇಕಾದ್ರೆ ವರದಿ ನೋಡಿ."