ಸಿಲೋನಿನಲ್ಲಿ ಬಿದ್ದ ಭೀಮನ ಹೊಟ್ಟೆ

ದೇವರು ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಾನೆ ಎನ್ನುವುದಕ್ಕೆ ಸಾಕ್ಷಿ ಬೇಕಾದರೆ ನನ್ನನ್ನು ನೋಡಿ. ನನಗೆ ಅವನು ಭೀಮನ ಕಂಠ ಕೊಟ್ಟ, ಕುಚೇಲನ ಮೈ ಕೊಟ್ಟ. ನಾಯಂಡಹಳ್ಳಿಯ ನಮ್ಮ ಹೊಲದಲ್ಲಿ ನಿಂತು ನಾನು ಎತ್ತುಗಳನ್ನು ಕೂಗಿದರೆ ಕೆಂಗೇರಿಯ ಎತ್ತುಗಳೂ ತಿರುಗಿ ನೋಡುತ್ತವೆ ಎಂದು ನಮ್ಮಪ್ಪ ಹೇಳುತ್ತಿದ್ದರು. ಅದೇ ಹೊಲದಲ್ಲಿ ಗಾಳಿ ಜೋರಾದರೆ ಮಾತ್ರ ನಮ್ಮವ್ವ ಮೊದಲು ನನ್ನನ್ನು ಒಳಕ್ಕೆ ಕರೆದುಕೊಂಡು, ಆಮೇಲೆ ಒಣಹಾಕಿದ ಬಟ್ಟೆ ತೆಗೆಯುತ್ತಿದ್ದಳು. ದೊಡ್ಡವನಾದ ಮೇಲೂ ಈ ಲೆಕ್ಕ ಬದಲಾಗಲಿಲ್ಲ. ಮದುವೆಯಲ್ಲಿ ನನ್ನನ್ನು ನೋಡಿದ ಹೆಂಡತಿಯ ಕಡೆಯ ಮುದುಕಿಯೊಬ್ಬಳು, ‘ಗಂಡು ಇನ್ನೂ ಬರ್ಬೇಕಾ?’ ಎಂದು ನನ್ನನ್ನೇ ಕೇಳಿದ್ದಳು.

ರಾಜಾಜಿನಗರ ಆಗಿನ್ನೂ ಹೊಸದಾಗಿ ಏಳುತ್ತಿತ್ತು. ಬಡಾವಣೆ ಎನ್ನುವುದಕ್ಕಿಂತ ಕಲ್ಲು ನೆಟ್ಟ ಬಯಲು ಎಂದರೆ ಸರಿ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ನಾನು ಗುಮಾಸ್ತ. ಸಂಜೆ ಸೈರನ್ ಕೂಗಿದ ಮೇಲೆ ಮಾಡಲು ಏನೂ ಇಲ್ಲದ ಹತ್ತಾರು ಜನ ಸೇರಿ ಒಂದು ನಾಟಕ ಸಂಘ ಕಟ್ಟಿಕೊಂಡಿದ್ದೆವು. ನಮ್ಮನ್ನು ಆಡಿಸುತ್ತಿದ್ದವರು ವೆಂಕಟಪ್ಪ ಮೇಷ್ಟ್ರು. ಹಗಲು ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಕಲಿಸುವವರು, ಸಂಜೆ ಮೀಸೆ ಬೋಳಿಸಿಕೊಂಡು ಕುಂತಿಯಾಗುವವರು. ನಮ್ಮ ಹೆಸರುವಾಸಿ ನಾಟಕ ಎಂದರೆ ಬಕಾಸುರನ ವಧೆ. ಮೇಷ್ಟ್ರು ನನ್ನ ಕಂಠ ಕೇಳಿ, ಕಣ್ಣು ಮುಚ್ಚಿಕೊಂಡು, ‘ನೀನೇ ಭೀಮ ಕಣಯ್ಯ’ ಎಂದರು. ಕಣ್ಣು ಬಿಟ್ಟ ಮೇಲೆ ಮಾಗಡಿ ರಸ್ತೆಯ ಟೈಲರನ್ನು ಕರೆಸಿದರು. ಅವನು ಗಟ್ಟಿ ಖಾಕಿ ಬಟ್ಟೆಗೆ ಬೂರುಗದ ಹತ್ತಿ ತುಂಬಿ ನನಗೊಂದು ಹೊಟ್ಟೆ ಹೊಲಿದುಕೊಟ್ಟ. ಹಿಂದಕ್ಕೆ ಲಾಡಿ ಕಟ್ಟಿಕೊಂಡು, ಮೇಲೊಂದು ಮೈಬಣ್ಣದ ಬನಿಯನ್ನು ಹಾಕಿಕೊಂಡರೆ ನಾನು ಎರಡನೆಯ ಪಾಂಡವ. ಬಿಚ್ಚಿಟ್ಟರೆ ಮಾಮೂಲಿ ಮರಿಯಪ್ಪ.

ಬಕಾಸುರನ ಪಾತ್ರ ನಂಜುಂಡಪ್ಪನದು. ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದ ನಂಜುಂಡಪ್ಪನಿಗೆ ಟೈಲರಿನ ಹಂಗಿರಲಿಲ್ಲ, ಎಲ್ಲವೂ ಸ್ವಂತದ್ದು. ಆದರೆ ಅವನಿಗೆ ಭೀಮನಾಗಬೇಕು ಎಂಬ ಆಸೆ. ‘ನನ್ ಹೊಟ್ಟೆ ಅಸಲಿ ಸಾರ್, ಅವಂದು ನಕಲಿ. ನಕಲಿಗೆ ಭೀಮ, ಅಸಲಿಗೆ ರಾಕ್ಷಸ, ಇದ್ಯಾವ ನ್ಯಾಯ?’ ಎಂದು ಮೇಷ್ಟ್ರ ಹತ್ತಿರ ದೂರುತ್ತಲೇ ಇದ್ದ. ಮೇಷ್ಟ್ರು ಕೊನೆಗೆ ತೀರ್ಪು ಕೊಟ್ಟರು: ‘ಯಾವತ್ತು ಸ್ಟೇಜ್ ಮೇಲೆ ಆ ಹೊಟ್ಟೆ ಕೈಕೊಡುತ್ತೋ ಅವತ್ತಿಂದ ನೀನೇ ಭೀಮ. ಅಲ್ಲೀವರ್ಗೂ ಸುಮ್ನಿರು.’ ಅಂದಿನಿಂದ ನಂಜುಂಡಪ್ಪನ ಕಣ್ಣು ನನ್ನ ಲಾಡಿಯ ಮೇಲೆ, ನನ್ನ ಪ್ರಾಣವೂ ನನ್ನ ಲಾಡಿಯ ಮೇಲೆ. ನನಗೆ ಆ ಪಾತ್ರ ಬಿಟ್ಟರೆ ಜಗತ್ತಿನಲ್ಲಿ ಬೇರೆ ದೊಡ್ಡಸ್ತಿಕೆ ಇರಲಿಲ್ಲ.

ಹೀಗಿರುವಾಗ ಕೊಲಂಬೊದಲ್ಲಿ ಜವಳಿ ಅಂಗಡಿ ಇಟ್ಟಿದ್ದ ನಮ್ಮ ಕಡೆಯ ಶೆಟ್ಟರೊಬ್ಬರು ಊರಿಗೆ ಬಂದವರು ನಮ್ಮ ನಾಟಕ ನೋಡಿದರು. ‘ನಮ್ಮ ಸಿಲೋನಿಗೆ ಬನ್ನಿ, ಊರೂರು ಆಡಿಸ್ತೀನಿ’ ಎಂದರು. ಅಲ್ಲಿಯವರೆಗೆ ನಾನು ಕಂಡಿದ್ದ ಅತಿ ದೂರದ ಪರದೇಶ ಎಂದರೆ ತುಮಕೂರು. ನನ್ನ ಹೆಂಡತಿ ಜಯಮ್ಮ ಇಡೀ ವಾರ ರಾಗಿ ಹುರಿದು, ಬೀಸಿ, ಒಂದು ದೊಡ್ಡ ಡಬ್ಬದ ತುಂಬ ಹುರಿಹಿಟ್ಟು ತುಂಬಿಕೊಟ್ಟಳು. ‘ರಾವಣನ ಊರು, ಅಲ್ಲಿ ಏನು ತಿಂತಾರೋ ಏನು ಬಿಡ್ತಾರೋ. ಹಸಿವಾದ್ರೆ ಇದಕ್ಕೆ ಬೆಲ್ಲ ಹಾಕ್ಕೊಂಡು ಕಲಸ್ಕೊಳ್ಳಿ. ಹೋದಷ್ಟೇ ಮೈಯಲ್ಲಿ ವಾಪಸ್ ಬನ್ನಿ. ಅದಕ್ಕಿಂತ ಕಮ್ಮಿಯಾದ್ರೆ ಸ್ಟೇಷನ್ನಲ್ಲಿ ನನಗೆ ಗುರ್ತು ಸಿಗಲ್ಲ’ ಎಂದಳು.

ಧನುಷ್ಕೋಟಿಯಲ್ಲಿ ರೈಲಿಳಿದು ಹಡಗು ಹತ್ತಿದಾಗ ಮೊದಲ ಸಲ ಸಮುದ್ರ ನೋಡಿದೆ. ನಮ್ಮೂರ ಕೆರೆಗೆ ಆಚೆ ದಡ ಇದೆ, ಇದಕ್ಕೆ ಇಲ್ಲ. ಅಷ್ಟೇ ವ್ಯತ್ಯಾಸ, ಆದರೆ ಅದನ್ನು ನೋಡಿ ನನ್ನ ಭೀಮಕಂಠವೇ ಅಡಗಿಹೋಯಿತು. ಮೇಷ್ಟ್ರು ಮಾತ್ರ ಕಂಬಿ ಹಿಡಿದು ಸಮುದ್ರಕ್ಕೆ ಬೆಳಗಿನ ಉಪ್ಪಿಟ್ಟನ್ನು ಅರ್ಪಿಸುತ್ತಿದ್ದರು. ಆಚೆ ದಡದ ತಲೈಮನ್ನಾರಿನಲ್ಲಿ ಸುಂಕದವರು ನಮ್ಮ ಟ್ರಂಕು ತೆಗೆಸಿದರು. ಕಿರೀಟ, ಗದೆ, ಕುಂತಿಯ ಜಡೆ ಎಲ್ಲಕ್ಕೂ ತಲೆಯಾಡಿಸಿದ ಅಧಿಕಾರಿ ಹೊಟ್ಟೆಯನ್ನು ಎತ್ತಿಕೊಂಡ. ಒತ್ತಿದ, ಅಲ್ಲಾಡಿಸಿದ, ಕಿವಿಗಿಟ್ಟು ಕೇಳಿದ. ‘ಇದು ಭೀಮನ ಹೊಟ್ಟೆ ಸಾರ್’ ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ ವಿವರಿಸಿದರು. ಅವನ ಅನುಮಾನ ಅದರಿಂದ ಇನ್ನೂ ಹೆಚ್ಚಿತು. ಚಿನ್ನವೇನಾದರೂ ಅಡಗಿದೆಯೇ ಎಂದು ಬ್ಲೇಡು ತರಿಸಿ, ಬೆನ್ನಿನ ಕಡೆಯ ಹೊಲಿಗೆ ಬಿಚ್ಚಿಸಿ, ಕೈ ಹಾಕಿ ಹತ್ತಿಯನ್ನೆಲ್ಲ ಹುಡುಕಿದ. ಏನೂ ಸಿಗದೆ, ‘ಕ್ಷಮಿಸಿ’ ಎಂದು ಹೊಟ್ಟೆಯನ್ನು ನನ್ನ ಕೈಗೇ ಕೊಟ್ಟ. ರೈಲಿನಲ್ಲಿ ಮೇಷ್ಟ್ರು ತಮ್ಮ ಕೈಯಾರೆ ಅದನ್ನು ಹೊಲಿದರು. ಲೆಕ್ಕದ ಮೇಷ್ಟ್ರ ಹೊಲಿಗೆ, ಹೇಗಿದ್ದೀತು ನೀವೇ ಊಹಿಸಿ. ನಂಜುಂಡಪ್ಪ ಎದುರು ಸೀಟಿನಲ್ಲಿ ಕೂತು ನಗುನಗುತ್ತಾ ನೋಡುತ್ತಿದ್ದ.

ಆದರೆ ಅವನ ನಗು ಬಹಳ ದಿನ ಉಳಿಯಲಿಲ್ಲ. ಸಿಲೋನಿನ ಊಟದ ವಿಷಯ ಹೇಳದೆ ಮುಂದೆ ಹೋದರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ. ಬೆಳಗ್ಗೆ ಎದ್ದರೆ ಅಂಚು ಗರಿಗರಿ, ನಡು ಮೆತ್ತಗಿರುವ ಬಟ್ಟಲಿನಂಥ ಅಪ್ಪ ಎಂಬ ಅಕ್ಕಿದೋಸೆ. ಅದನ್ನು ಅಲ್ಲಿ ಎಣಿಸಿ ಹಾಕುವುದಿಲ್ಲ, ನೀವು ಕೈ ಅಡ್ಡ ಹಿಡಿಯುವವರೆಗೂ ಹಾಕುತ್ತಾರೆ. ಪಕ್ಕದಲ್ಲಿ ತೆಂಗಿನ ತುರಿ, ಕೆಂಪು ಮೆಣಸಿನಕಾಯಿ, ನಿಂಬೆ ಹಾಕಿ ಕುಟ್ಟಿದ ಸಂಬಲು. ನಾಲಿಗೆಗಿಟ್ಟರೆ ಕಿವಿ ಬಿಸಿಯಾಗಬೇಕು, ಆದರೂ ಕೈ ಮತ್ತೆ ಅಲ್ಲಿಗೇ ಹೋಗಬೇಕು. ಎಳೆ ಹಲಸಿನಕಾಯಿಯನ್ನು ಮಡಕೆಯಲ್ಲಿ ಮಸಾಲೆ ಹಾಕಿ ಕಪ್ಪಗಾಗುವಷ್ಟು ಬೇಯಿಸುತ್ತಾರೆ. ಕಡೆಗೆ ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಗಟ್ಟಿದ ಎಮ್ಮೆಮೊಸರು, ಅದರ ಮೇಲೆ ಬಗನಿ ಮರದ ರಸ ಕಾಯಿಸಿದ ಕಪ್ಪು ಪಾಕ. ಮೊದಲ ಚಮಚ ಬಾಯಿಗಿಟ್ಟಾಗ, ರಾವಣ ಇಂಥ ಊರು ಬಿಟ್ಟು ದಂಡಕಾರಣ್ಯಕ್ಕೆ ಯಾಕೆ ಹೋದನೋ ಎಂದು ನನಗೆ ನಿಜವಾಗಿಯೂ ಬೇಜಾರಾಯಿತು. ಜಯಮ್ಮನ ಡಬ್ಬದ ಮುಚ್ಚಳವನ್ನು ನಾನು ತೆಗೆಯಲೇ ಇಲ್ಲ.

ತೆಗೆದವನು ನಂಜುಂಡಪ್ಪ. ಅವರ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವುದಿಲ್ಲ. ಕೊಲಂಬೊದಲ್ಲಿ ಎರಡು ದಿನ ಸಂಬಲನ್ನು ಬೊಗಸೆಗಟ್ಟಲೆ ತಿಂದು ಹೊಗಳಿದ ಮೇಲೆ, ಇದರ ರುಚಿಯ ಗುಟ್ಟೇನು ಎಂದು ಶೆಟ್ಟರನ್ನು ಕೇಳಿದ. ‘ಒಣಗಿಸಿದ ಮೀನಿನ ಪುಡಿ ಹಾಕ್ತಾರಪ್ಪ, ಇಲ್ಲಿ ಎಲ್ಲದಕ್ಕೂ ಅದೇ ಒಗ್ಗರಣೆ’ ಎಂದರು ಶೆಟ್ಟರು. ನಂಜುಂಡಪ್ಪ ತಣ್ಣೀರಲ್ಲಿ ಸ್ನಾನ ಮಾಡಿ ಬಂದು, ವಿಭೂತಿ ಬಳಿದುಕೊಂಡು ಮೂಲೆಯಲ್ಲಿ ಕೂತ. ಅವತ್ತಿನಿಂದ ಅವನಿಗೆ ಬಾಳೆಹಣ್ಣು ಮತ್ತು ನನ್ನ ಹುರಿಹಿಟ್ಟು. ನಾವು ಎಲೆ ಮುಂದೆ ಕೂತಾಗ ಅವನು ನಮ್ಮನ್ನು ನೋಡುತ್ತಿದ್ದ ನೋಟಕ್ಕೆ ಬಕಾಸುರನ ವೇಷ ಬೇಕಾಗಿರಲಿಲ್ಲ.

ಕ್ಯಾಂಡಿಯ ಮೇಲಿನ ಬೆಟ್ಟದಲ್ಲಿ ಒಂದು ಟೀ ತೋಟ. ಅಲ್ಲಿಯ ಕೆಲಸದವರಿಗಾಗಿ ನಮ್ಮ ನಾಟಕ. ಬಹುಪಾಲು ತಮಿಳರು, ಎಂದೋ ಹಿರಿಯರ ಕಾಲದಲ್ಲಿ ಹಡಗು ಹತ್ತಿ ಬಂದವರು. ನಮ್ಮ ನಾಟಕದಲ್ಲಿ ಭೀಮ ಬಕಾಸುರನಿಗೆ ಕೊಂಡೊಯ್ಯುವ ಬಂಡಿ ಅನ್ನವನ್ನು ತಾನೇ ತಿನ್ನುತ್ತಾ ಕೂರುತ್ತಾನೆ, ಬಕಾಸುರ ಹಿಂದಿನಿಂದ ಬಂದು ಬೆನ್ನಿಗೆ ಗುದ್ದಿದರೂ ತಿರುಗಿ ನೋಡುವುದಿಲ್ಲ. ನಮ್ಮ ಕಡೆ ಆ ಬಂಡಿಗೆ ಕುಕ್ಕೆಗಳನ್ನು ಬೋರಲು ಹಾಕಿ, ಬಿಳಿ ಬಟ್ಟೆ ಹೊದಿಸಿ, ಮೇಲೆ ಕಡ್ಲೆಪುರಿ ಚೆಲ್ಲುವುದು ಪದ್ಧತಿ. ಮೇಷ್ಟ್ರು ಶೆಟ್ಟರಿಗೆ ಹೇಳಿದ್ದು, ‘ಭೀಮನಿಗೆ ಒಂದು ಬಂಡಿ ಊಟ ಬೇಕು’ ಎಂದಷ್ಟೇ. ಶೆಟ್ಟರು ತೋಟದ ಹೆಂಗಸರಿಗೆ ಹಾಗೆಯೇ ಹೇಳಿದರು. ಪರದೆ ಎದ್ದು ಬಂಡಿ ಒಳಗೆ ಬಂದಾಗ ನಾನು ಗದೆ ಕೆಳಗಿಟ್ಟುಬಿಟ್ಟೆ. ಕುಕ್ಕೆ ಇಲ್ಲ, ಪುರಿ ಇಲ್ಲ. ಹೊಗೆಯಾಡುವ ಅನ್ನದ ರಾಶಿ, ಹಲಸಿನಕಾಯಿ, ಸೊಪ್ಪು, ತೆಂಗಿನ ಹಾಲಲ್ಲಿ ಬೇಯಿಸಿ ಬಿಲ್ಲೆಯಾಗಿ ಕೊಯ್ದ ಹಾಲನ್ನ, ಬಾಳೆಲೆ ಮುಚ್ಚಿದ ಮಡಕೆಗಳು. ಕೆಲಸದವರ ಸಾಲುಮನೆಗಳ ಒಂದೊಂದು ಒಲೆಯಿಂದಲೂ ಒಂದೊಂದು ಮಡಕೆ ಬಂದಿತ್ತು. ದಿನವಿಡೀ ಬೆಟ್ಟದ ಇಳಿಜಾರಿನಲ್ಲಿ ಎಲೆ ಕಿತ್ತವರು, ಯಾವುದೋ ಊರಿನ ಗೊತ್ತಿಲ್ಲದ ಭೀಮನಿಗೆ ಅಡಿಗೆ ಮಾಡಿದ್ದರು. ನಿಜ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು.

ಮುಂದಿನ ಸಾಲಿನಲ್ಲಿ ಆ ಹೆಂಗಸರೇ ಕೂತಿದ್ದರು. ಒಂದು ಮಡಕೆಯಿಂದ ಒಂದು ತುತ್ತು ತೆಗೆದೆ. ಒಬ್ಬಳ ಮುಖ ಅರಳಿತು, ಉಳಿದವರ ಮುಖ ಬಾಡಿತು. ಇನ್ನೊಂದಕ್ಕೆ ಕೈ ಹಾಕಿದೆ, ಇನ್ನೊಂದು ಮುಖ ಅರಳಿತು. ಇನ್ನು ದಾರಿಯೇ ಇಲ್ಲ, ಎಲ್ಲವನ್ನೂ ತಿನ್ನಬೇಕು. ತಿಂದೆ. ಮಾತುಗಳೆಲ್ಲ ಮರೆತುಹೋದವು, ಕಂಠ ಬೇರೆ ಕೆಲಸದಲ್ಲಿತ್ತು. ಕಷ್ಟವೆಂದರೆ ಒಳಗಿನ ಹೊಟ್ಟೆ ಉಬ್ಬಿದಷ್ಟೂ ಹೊರಗಿನ ಹೊಟ್ಟೆಯ ಲಾಡಿ ಬಿಗಿಯುತ್ತಿತ್ತು. ಮೇಷ್ಟ್ರ ಹೊಲಿಗೆ ಪಟಪಟ ಎನ್ನುವುದು ನನಗೆ ಕೇಳಿಸುತ್ತಿತ್ತು. ಪಕ್ಕದ ಪರದೆಯ ಮರೆಯಿಂದ ಕುಂತೀದೇವಿ, ‘ಸಾಕು ಕಣಯ್ಯ, ಹೊಟ್ಟೆ! ಹೊಟ್ಟೆ!’ ಎಂದು ಪಿಸುಗುಟ್ಟುತ್ತಿದ್ದರು.

ಅಷ್ಟರಲ್ಲಿ ಬಕಾಸುರ ಬಂದ. ಬಾಳೆಹಣ್ಣು ತಿಂದು ತಿಂದು ಬೇಸತ್ತ ಮನುಷ್ಯನ ಮೂಗಿಗೆ ಆ ಹಾಲನ್ನದ ಘಮ ಹೇಗೆ ಬಡಿದಿತ್ತೋ, ಎಂದೂ ಇಲ್ಲದ ಆವೇಶದಿಂದ ನನ್ನ ಬೆನ್ನಿಗೆ ಎರಡೂ ಮುಷ್ಟಿಯಲ್ಲಿ ಗುದ್ದಿದ. ಲಾಡಿ ಕಿತ್ತುಹೋಯಿತು. ಬನಿಯನ್ನಿನ ಕೆಳಗಿನಿಂದ ನನ್ನ ಹೊಟ್ಟೆ ಜಾರಿ ನೆಲಕ್ಕೆ ಬಿತ್ತು, ಬೂರುಗದ ಹತ್ತಿ ಇಡೀ ರಂಗದ ಮೇಲೆ ಹಾರಾಡಿತು. ಗಾಬರಿಯಲ್ಲಿ ಎದ್ದು ನಿಂತೆ. ಬನಿಯನ್ನು ಜೋತುಬಿದ್ದಿತ್ತು, ಕಾಲುಗಳು ಕೊಕ್ಕರೆಯ ಕಾಲುಗಳು. ಅಷ್ಟು ತಿಂದ ಭೀಮ ಎಲ್ಲರ ಕಣ್ಣೆದುರಿಗೇ ಬಡಕಲಾಗಿ ಹೋಗಿದ್ದ. ಮುಗಿಯಿತು ನನ್ನ ಪಾತ್ರ ಎಂದುಕೊಂಡೆ. ನಂಜುಂಡಪ್ಪನ ಬಣ್ಣ ಬಳಿದ ಮುಖದಲ್ಲಿ ಕೂಡಾ ಅದನ್ನೇ ಓದಿದೆ.

ಯಾರೂ ನಗಲಿಲ್ಲ. ಮುಂದಿನ ಸಾಲಿನ ಒಬ್ಬಳು ಮುದುಕಿ ಎದ್ದಳು. ಸೀದಾ ರಂಗ ಹತ್ತಿ ಬಂದು ನನ್ನ ಪಕ್ಕೆಲುಬು ಮುಟ್ಟಿ ನೋಡಿ, ಲೊಚಗುಟ್ಟಿದಳು. ಸಭೆಯ ಕಡೆ ತಿರುಗಿ ತಮಿಳಿನಲ್ಲಿ ಜೋರಾಗಿ ಏನೋ ಹೇಳಿದಳು. ಬೆಂಗಳೂರಿನವನಾದ್ದರಿಂದ ನನಗೆ ತಿಳಿಯಿತು. ‘ಅರಗಿನ ಮನೆಯಿಂದ ಓಡಿಬಂದವನು, ಕಾಡಲ್ಲಿ ಅಲೆದವನು, ಭಿಕ್ಷೆ ಬೇಡಿ ಉಂಡವನು ಇನ್ನು ಹೇಗಿರ್ತಾನೆ? ಹೀಗೇ ಇರ್ತಾನೆ!’ ಎಂದಿದ್ದಳು ಆಕೆ. ಆಮೇಲೆ ನನ್ನನ್ನು ಕೂರಿಸಿ, ತನ್ನ ಮಡಕೆಯಿಂದ ಒಂದು ತುತ್ತು ಕಲಸಿ, ‘ಸಾಪ್ಪಿಡು ರಾಜಾ’ ಎಂದು ಬಾಯಿಗಿಟ್ಟಳು. ಚಹದ ಎಲೆಯ ಕರೆ ಹಿಡಿದ ಬೆರಳುಗಳು. ತುಂಬಿದ ಹೊಟ್ಟೆಯಲ್ಲೂ ಆ ತುತ್ತಿಗೆ ಜಾಗ ಸಿಕ್ಕಿತು.

ಅವಳು ಅಷ್ಟಕ್ಕೇ ಬಿಡಲಿಲ್ಲ. ಕೋರೆಹಲ್ಲು ಕಟ್ಟಿಕೊಂಡು ನಿಂತಿದ್ದ ಬಕಾಸುರನ ಕಡೆ ತಿರುಗಿ, ‘ನೀನ್ಯಾಕೆ ನಿಂತೆ? ನೀನೂ ಕೂರು’ ಎಂದಳು. ನಂಜುಂಡಪ್ಪ ತನ್ನ ಹರಕು ತಮಿಳಿನಲ್ಲಿ, ‘ಮೀನು ಇದೆಯಾ ತಾಯಿ?’ ಎಂದು ಕೇಳಿದ. ರಾಕ್ಷಸನೊಬ್ಬ ಹೀಗೆ ಕೇಳಿದ್ದು ಯುಗಯುಗಗಳಲ್ಲಿ ಅದೇ ಮೊದಲಿರಬೇಕು. ‘ಬರೀ ಅಕ್ಕಿ, ಬರೀ ತೆಂಗಿನ ಹಾಲು’ ಎಂದು ಅವಳು ಹಾಲನ್ನದ ಬಿಲ್ಲೆ ಕೊಟ್ಟಳು. ಅವನು ಕೋರೆಹಲ್ಲು ಕಿತ್ತು ಪಕ್ಕಕ್ಕಿಟ್ಟು ನನ್ನ ಜೊತೆ ಕೂತ. ಭೀಮ, ಬಕಾಸುರ ಒಂದೇ ಮಡಕೆಯಲ್ಲಿ ಉಂಡರು. ಕುಂತೀದೇವಿ ಸ್ವಲ್ಪ ಹೊತ್ತು ಜಡೆ ಎಳೆದುಕೊಂಡು, ಆಮೇಲೆ ತಾವೂ ಬಂದು ಕೂತರು. ಸಭಿಕರೂ ಎಲೆ ಹಿಡಿದು ಬಂದರು. ಬಕಾಸುರನ ವಧೆ ಅವತ್ತು ನಡೆಯಲೇ ಇಲ್ಲ, ಯಾರೂ ಅದನ್ನು ಕೇಳಲೂ ಇಲ್ಲ. ಹೊಗೆ, ಮಂಜು, ನಗು, ಅನ್ನ. ಇಂಥ ಲೋಕವೂ ಒಂದಿದೆಯಲ್ಲ ಎಂದು ನಾನು ಬೆರಗಾಗಿ ಕೂತಿದ್ದೆ.

ಸುದ್ದಿ ನಮಗಿಂತ ಮುಂಚೆ ಊರೂರು ತಲುಪಿತು. ಹೋದಲ್ಲೆಲ್ಲ, ‘ಆ ಬಡಕಲು ಭೀಮನೇ ಬೇಕು’ ಎಂದರು. ಮೇಷ್ಟ್ರು ತಮ್ಮ ತೀರ್ಪನ್ನು ನುಂಗಿಕೊಂಡರು, ನನ್ನ ಪಾತ್ರ ಉಳಿಯಿತು. ಹೊಟ್ಟೆಯನ್ನು ಟ್ರಂಕಿಗೆ ಹಾಕಿ ಬೀಗ ಜಡಿದೆವು. ಊರಿಗೊಂದು ಬಂಡಿ ಊಟ, ಊರಿಗೊಬ್ಬಳು ತಾಯಿ. ನಾನು ಯಾರಿಗೂ ಇಲ್ಲವೆನ್ನಲಿಲ್ಲ. ನಂಜುಂಡಪ್ಪನಿಗೆ ಮಾತ್ರ ಹಾಲನ್ನ ಸಿಕ್ಕ ದಿನ ಹಬ್ಬ, ಸಿಗದ ದಿನ ಬಾಳೆಹಣ್ಣು.

ಬೆಂಗಳೂರು ಸ್ಟೇಷನ್ನಿನಲ್ಲಿ ಜಯಮ್ಮ ನನ್ನನ್ನು ದಾಟಿ ಮುಂದಕ್ಕೆ ಹೋದಳು. ಕರೆದ ಮೇಲೆ ತಿರುಗಿ ನೋಡಿ, ನನ್ನ ಕೈಯಲ್ಲಿದ್ದ ಖಾಲಿ ಡಬ್ಬ ತೆಗೆದುಕೊಂಡು ಅಲ್ಲಾಡಿಸಿ, ‘ನೋಡಿದ್ರಾ, ನನ್ ಹುರಿಹಿಟ್ಟಿನ ಮಹಿಮೆ!’ ಎಂದಳು. ನಾನು ಹೌದೆಂದೆ. ಪಕ್ಕದಲ್ಲಿ ನಿಂತಿದ್ದ ನಂಜುಂಡಪ್ಪನನ್ನು ಅವಳು ಯಾರೋ ಹೊಸಬರು ಎಂದುಕೊಂಡಳು.

ಕೆಂಗೇರಿಯಲ್ಲಿ ನಾಟಕ ನಿಶ್ಚಯವಾದಾಗ ಮೇಷ್ಟ್ರು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು. ನನ್ನ ಹೊಟ್ಟೆ ಮುಟ್ಟಿ ನೋಡಿದರು. ಅಸಲಿ. ನಂಜುಂಡಪ್ಪನ ಪಕ್ಕೆಲುಬು ಮುಟ್ಟಿ ನೋಡಿದರು. ಅದೂ ಅಸಲಿ. ‘ಬಡಕಲು ಭೀಮನಿಂದಲೇ ನಮ್ಮ ಸಂಘಕ್ಕೆ ಹೆಸರು ಕಣಯ್ಯ ಈಗ. ನಂಜುಂಡಪ್ಪ ಭೀಮ, ನೀನು ಬಕಾಸುರ’ ಎಂದರು. ಹೊಟ್ಟೆ ಬಿದ್ದಾಗಲೂ ಉಳಿದ ಪಾತ್ರ, ಹೊಟ್ಟೆ ಬಂದ ಮೇಲೆ ಹೋಯಿತು.

ಕೆಂಗೇರಿಯಲ್ಲಿ ಬಂಡಿ ಬಂತು. ಬೋರಲು ಕುಕ್ಕೆ, ಬಿಳಿ ಬಟ್ಟೆ, ಕಡ್ಲೆಪುರಿ. ನಂಜುಂಡಪ್ಪ ಎದೆಯೆಲುಬು ಕಾಣುವಂತೆ ಕೂತು ಬರಿಗೈಯನ್ನು ಬಾಯಿಗೆ ಒಯ್ಯುತ್ತಿದ್ದ. ನಾನು ಘರ್ಜಿಸುತ್ತಾ ಒಳಗೆ ಬಂದೆ, ಮುಷ್ಟಿ ಎತ್ತಿದೆ. ಗುದ್ದಲು ಮನಸ್ಸು ಬರಲಿಲ್ಲ. ಕೋರೆಹಲ್ಲು ತೆಗೆದಿಟ್ಟು ಅವನ ಪಕ್ಕ ಕೂತು, ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡು ಸಭೆಯ ಕಡೆ ನೋಡಿದೆ, ಯಾರಾದರೂ ಎದ್ದು ಬಂದಾರೇನೋ ಎಂದು. ಬಹಳ ಹೊತ್ತು ಯಾರೂ ಏಳಲಿಲ್ಲ. ಕೊನೆಗೆ ಹೆಂಗಸರ ಕಡೆಯಿಂದ ಜಯಮ್ಮ ಎದ್ದು ನಿಂತಳು.

‘ಸಾಕು ಎದ್ದೇಳ್ರೀ, ಮನೇಲಿ ಮುದ್ದೆ ಮಾಡಿಟ್ಟಿದೀನಿ. ಆ ಬಡಪಾಯಿ ಭೀಮಣ್ಣನ್ನೂ ಕರ್ಕೊಂಡು ಬನ್ನಿ’ ಎಂದಳು.

ಹೀಗಾಗಿ ಕೆಂಗೇರಿಯಲ್ಲೂ ಬಕಾಸುರ ಸಾಯಲಿಲ್ಲ, ಹೆಂಡತಿಯ ಹಿಂದೆ ಊಟಕ್ಕೆ ಹೋದ.