ನಮ್ಮೂರ ಬಂಡಿ ಟಾಕೀಜು

ಸಿಂದಗಿಯಲ್ಲಿ ನಮ್ಮ ಕಾಕಾನ ಬಯಲು ಟಾಕೀಜು ನಡೆಯುತ್ತಿದ್ದಷ್ಟು ದಿನ ನಮಗೆ ನಗಲಿಕ್ಕೆ ಹಾಸ್ಯದ ಸಿನಿಮಾ ಬೇಕಾಗಲಿಲ್ಲ. ಪರದೆಯ ಮೇಲೆ ಎಲ್ಲರೂ ಅಳುತ್ತಿದ್ದಾಗಲೇ ಪರದೆಯ ಮುಂದೆ ಏನಾದರೊಂದು ಆಗುತ್ತಿತ್ತು. ನಾನು ಬೆಳಗಾವಿಯ ಇಂಗ್ಲಿಷ್ ಸಾಲಿಯ ಹುಡುಗಿ, ಮಾತು ಕಡಿಮೆ. ಬೇಸಿಗೆಯ ಸೂಟಿಗೆ ಊರಿಗೆ ಬಂದಾಗ ಟಿಕೀಟಿನ ಕಿಟಕಿಯ ಹಿಂದೆ ಕಾಕಾನ ಪಕ್ಕ ಕೂತು ಸುಮ್ಮನೆ ನೋಡುತ್ತಿದ್ದೆ. ಒಮ್ಮೆ ಟಾಕೀಜು ಮುಚ್ಚಿಯೇ ಹೋಗುವ ಹೊತ್ತು ಬಂದಿತ್ತು. ಅದನ್ನು ಕಡೆಗೆ ಹೇಳುತ್ತೇನೆ.

ಅಮೆರಿಕಾದವರೂ ಹಂಗ

ಯಂಕಂಚಿ ಕಡೆಯ ರೈತರು ಮನೆಮಂದಿಯನ್ನೆಲ್ಲ ಹೇರಿಕೊಂಡು ಬಂಡಿ ಸಮೇತ ಬಯಲೊಳಗೆ ಬರುತ್ತಿದ್ದರು. ಎತ್ತು ಬಿಚ್ಚಿ ಕಟ್ಟಿ, ಎತ್ತಿನ ಮೇವಿಗೆಂದು ತಂದ ಕಣಕಿಯನ್ನೇ ಬಂಡಿಯಲ್ಲಿ ಹಾಸಿ, ಅಲ್ಲೇ ಕೂತು ಸಿನಿಮಾ ನೋಡುವುದು ರೂಢಿ. ನಾನು ಒಂದು ದಿನ ಧೈರ್ಯ ಮಾಡಿ ಬಾಯಿಬಿಟ್ಟೆ.

"ಕಾಕಾ, ಅಮೆರಿಕಾದಾಗ ಮಂದಿ ತಮ್ಮ ತಮ್ಮ ಮೋಟಾರಿನಾಗ ಕುಂತು ಸಿನಿಮಾ ನೋಡ್ತಾರಂತ. ಅದಕ್ಕ ಡ್ರೈವ್-ಇನ್ ಅಂತಾರ."

"ಮತ್ತ ನಮ್ದೇನವಾ? ಅವ್ರು ಪೆಟ್ರೋಲ್ ಹಾಕ್ತಾರ, ನಾವು ಕಣಕಿ ಹಾಕ್ತೇವಿ. ಅಷ್ಟ ಫರಕ!"

ಅಂದಿನಿಂದ ಕಾಕಾ ಬಂದವರಿಗೆಲ್ಲ "ನಮ್ದು ಡ್ರೈವ್-ಇನ್ ರಿ" ಎಂದು ಹೇಳತೊಡಗಿದ. ಚಹಾದಂಗಡಿಯವ ಕೆಣಕಿದ: "ಅಮೆರಿಕಾದಾಗ ಹಿಂಗ ಸಗಣಿ ಬೀಳ್ತೈತೇನ್ರಿ?"

"ಅಲ್ಲಿ ಬರೇ ಹೊಗಿ. ಹೊಗಿಲೆ ಕುಳ್ಳು ತಟ್ಟಾಕ ಬರ್ತೈತೇನು? ನಮ್ದ ಛಲೋ."

ಅಣ್ಣ ಮುಂದೆ, ತಮ್ಮ ಹಿಂದೆ

ನಮ್ಮ ಪರದೆ ಬರೀ ಬಿಳಿ ಬಟ್ಟೆ. ಅದರ ಹಿಂದೆ ಕೂತರೂ ಚಿತ್ರ ಕಾಣುತ್ತಿತ್ತು, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಅಷ್ಟೇ. ಅಲ್ಲಿ ಟಿಕೀಟು ಅಗ್ಗ.

ಒಮ್ಮೆ ಅಣ್ಣ-ತಮ್ಮ ಇಬ್ಬರು ಬೆಳಿಗ್ಗೆಯೇ ಜಗಳಾಡುತ್ತ ಕಾಕಾನ ಕಟ್ಟೆಗೆ ಬಂದರು. ಪರದೆಯ ಮುಂದೆ ಕೂತಿದ್ದ ಅಣ್ಣ, ಹೀರೋ ಬಲಗೈಲೆ ಹೊಡೆದ ಎನ್ನುತ್ತಾನೆ. ಹಿಂದೆ ಕೂತಿದ್ದ ತಮ್ಮ, "ನನ್ನ ಕಣ್ಣೇನು ಕುರುಡ ಅದಾವೇನು? ಎಡಗೈಲೆ ಹೊಡದಾನ!" ಎನ್ನುತ್ತಾನೆ.

ಕಾಕಾ ಗಂಭೀರವಾಗಿ ನ್ಯಾಯ ಹೇಳಿದ: "ಇವತ್ತ ಜಾಗಾ ಅದಲಿಬದಲಿ ಮಾಡಿ ನೋಡ್ರಿ. ತಿಳೀತೈತಿ."

ಮರುದಿನ ಇಬ್ಬರೂ ಮತ್ತೆ ಹಾಜರು. "ನೀ ಅಂದದ್ದ ಖರೆ, ಎಡಗೈ" ಎಂದು ಅಣ್ಣ. "ಇಲ್ಲೋ ಯಣ್ಣಾ, ನೀ ಅಂದದ್ದ ಖರೆ, ಬಲಗೈ" ಎಂದು ತಮ್ಮ. ಈ ಸಲ ಒಬ್ಬರನ್ನೊಬ್ಬರು ಒಪ್ಪಿಕೊಂಡೇ ಕುತ್ತಿಗೆಪಟ್ಟಿ ಹಿಡಿದಿದ್ದರು.

ಎತ್ತಿಗೆ ಗೊತ್ತು

ಒಂದು ಅಳುವ ಸಿನಿಮಾ ವಾರಗಟ್ಟಲೆ ಓಡಿತು. ದಿನಾ ಬರುವ ಎತ್ತುಗಳಿಗೆ ಕಡೆಯ ಹಾಡು ಬಾಯಿಪಾಠ. ಹಾಡು ಶುರುವಾದರೆ ಸಾಕು, ಮನೆಗೆ ಹೋಗುವ ಹೊತ್ತಾಯಿತೆಂದು ಎದ್ದು ನಿಂತು ಕೊರಳಗಂಟೆ ಅಲ್ಲಾಡಿಸುತ್ತಿದ್ದವು. ಮಂದಿಯೂ ಕಡೆಯದನ್ನು ನೋಡದೆ ಹಾಸಿದ ಕೌದಿ ಸುತ್ತಿ ಹೊರಡುತ್ತಿದ್ದರು.

ಒಬ್ಬ ಮುದುಕ ಕಾಕಾನನ್ನು ಗುಟ್ಟಾಗಿ ಕೇಳಿದ: "ಕಡೀಕ ಆ ಹೆಣ್ಮಗಳು ಉಳಿತಾಳೇನ್ರಿ, ಸಾಯ್ತಾಳೇನ್ರಿ? ನಾಕ ಸಲ ನೋಡೇನಿ, ಎತ್ತು ತಿಳೀಗೊಡವಲ್ವು."

"ಅವನ್ನ ಕೇಳ್ರಿ. ಅವು ಪೂರಾ ನೋಡ್ಯಾವ."

ಸಾಹೇಬರ ತಪಾಸಣೆ

ಇಷ್ಟರಲ್ಲಿ ತಾಲೂಕಿಗೆ ಹೊಸ ಸಾಹೇಬರು ಬಂದರು, ಮೈಸೂರು ಕಡೆಯವರು. ಹಗಲಲ್ಲಿ ಬಂದು ಬಯಲು ನೋಡಿ ಮೂಗಿಗೆ ಕರ್ಚೀಫು ಹಿಡಿದರು. "ಏನ್ರೀ ಇದು, ಟಾಕೀಸೋ ದನದ ಕೊಟ್ಟಿಗೆಯೋ? ಶನಿವಾರ ನಾನೇ ಬಂದು ಆಟ ನೋಡ್ತೀನಿ. ಒಂದು ಎತ್ತು ಗಲಾಟೆ ಮಾಡಿದರೂ ಬಂಡಿ ಬಂದ್."

ಬಂಡಿ ಬಂದ್ ಆದರೆ ಹಳ್ಳಿಯ ಮಂದಿ ಬರುವುದಿಲ್ಲ. ಅವರು ಬಾರದಿದ್ದರೆ ಟಾಕೀಜೇ ಇಲ್ಲ. ಶನಿವಾರ ಸಂಜೆ ಕಾಕಾ ಒಂದೊಂದು ಎತ್ತಿನ ಮುಂದೂ ನಿಂತು ಕೈಮುಗಿದ: "ಇವತ್ತೊಂದಿನ ಸುಮ್ನಿರೋ ನಮ್ಮಪ್ಪಾ!"

ಸಾಹೇಬರು ಹೆಂಡತಿಯ ಜೊತೆ ಜೀಪಿನಲ್ಲಿ ಬಂದರು. ಜೀಪು ಎಲ್ಲಕ್ಕಿಂತ ಮುಂದೆ ನಿಂತಿತು. ಸಾಹೇಬರು ಎದ್ದು ನಿಂತು ಹೇಳಿದರು: "ಯಾರು ಸದ್ದು ಮಾಡಿದರೂ, ಯಾರು ಅಡ್ಡ ಬಂದರೂ ಅವರನ್ನ ಹೊರಗೆ ಹಾಕ್ತೀವಿ!" ಅವರ ಡ್ರೈವರು ಕೀಲಿ ಕಿಸೆಯಲ್ಲಿಟ್ಟುಕೊಂಡು ಎಲೆಯಡಿಕೆಗೆಂದು ಪೇಟೆಗೆ ಹೋದ.

ಸಿನಿಮಾ ಶುರುವಾಯಿತು, ಎತ್ತುಗಳಿಗೂ ಹೊಸದು. ಹಿಂದಿನ ಬಂಡಿಯಿಂದ ಒಬ್ಬ ಅಜ್ಜಿ ಕೂಗಿದಳು: "ಏ ಯಪ್ಪಾ, ನಿನ್ನ ಜೀಪಿನ ಟಪ್ಪು ಅಡ್ಡಾಗೇತಿ! ಹೀರೋನ ರುಂಡನ ಕಾಣವಲ್ದು!"

ಸಾಹೇಬರು ಕರ್ಚೀಫನ್ನು ಮೂಗಿಗೆ ಇನ್ನಷ್ಟು ಒತ್ತಿಕೊಂಡರು. ಅಜ್ಜಿ ಬಿಡಲಿಲ್ಲ.

"ಅಡ್ಡ ಬಂದವ್ರನ್ನ ಹೊರಗ ಹಾಕ್ತೇವಿ ಅಂದಾವ ನೀನ ಹೌದಲ್ಲೋ?"

ನಾಲ್ಕು ಕಡೆಯಿಂದ ಶಿಳ್ಳೆ ಬಿತ್ತು. ಗಟ್ಟಿಮುಟ್ಟಾದ ಗಂಡಸರು ಕೆಲವರು ಬಂದು "ನೀವು ಕುಂಡ್ರಿ ಸಾಹೇಬ್ರ, ಏಳಬ್ಯಾಡ್ರಿ" ಎಂದು ಬಹಳ ಮರ್ಯಾದೆಯಿಂದ ಜೀಪನ್ನು ದಂಪತಿ ಸಮೇತ ಹಿಂದಕ್ಕೆ ತಳ್ಳಿದರು. ತಳ್ಳುವಾಗ ಯಾರದೋ ಮೊಳಕೈ ಹಾರ್ನಿಗೆ ತಾಗಿತು. ಅದು ಸಿಕ್ಕಿಕೊಂಡು ಒಂದೇ ಸಮನೆ ಒದರತೊಡಗಿತು. ಕಾಕಾ ಕಣ್ಣು ಮುಚ್ಚಿದ. ಎತ್ತುಗಳು ಮಾತ್ರ ಮೆಲುಕು ಹಾಕುತ್ತ, ಇದಾವ ಊರಿನ ದನ ಎನ್ನುವಂತೆ ಜೀಪನ್ನು ನೋಡುತ್ತಿದ್ದವು.

ಹಾರ್ನು ತಾನಾಗಿ ದಣಿದು ನಿಂತಾಗ ಸಾಹೇಬರು ಪಕ್ಕಕ್ಕೆ ನೋಡಿದರು. ಹೆಂಡತಿ ಇಲ್ಲ. ಆಕೆ ಆಗಲೇ ಅಜ್ಜಿಯ ಬಂಡಿಯಲ್ಲಿ ಕಾಲು ಚಾಚಿ ಕೂತು ಕಟಕ ರೊಟ್ಟಿಗೆ ಶೇಂಗಾ ಹಿಂಡಿಯ ಚಟ್ನಿಪುಡಿ ಹಚ್ಚಿ ತಿನ್ನುತ್ತಿದ್ದರು. "ಬಾರೋ ಯಪ್ಪಾ, ನೀನೂ ಕಣಕಿ ಮ್ಯಾಲ ಕುಂಡ್ರು" ಎಂದಳು ಅಜ್ಜಿ. ಸಾಹೇಬರು ಆಚೀಚೆ ನೋಡಿ ಬೂಟು ಕಳಚಿ ಹತ್ತಿದರು. ಸಿನಿಮಾ ಮುಗಿದಾಗ ಅವರ ಕರ್ಚೀಫು ಮೂಗಿನ ಮೇಲಿರಲಿಲ್ಲ, ಕಣ್ಣಿನ ಮೇಲಿತ್ತು.

ಹೋಗುವಾಗ ಕಾಕಾನಿಗೆ ಗಡಸಾಗಿ ಹೇಳಿದರು: "ಬಂಡಿಗಳು ಇರಲಿ. ಗಲಾಟೆ ಎಲ್ಲ ಮೋಟಾರಿಂದೇ. ಇನ್ನು ಮೇಲೆ ಮೋಟಾರು ಒಳಗೆ ಬಿಡಬೇಡಿ."

ಮುಂದಿನ ಶನಿವಾರ ಗೇಟಿನ ಮುಂದೆ ಒಂದು ಜೀಪು ಬಂದು ನಿಂತಿತು. ಕಾಕಾ ಎರಡೂ ಕೈ ಅಡ್ಡ ಚಾಚಿದ.

"ಮೋಟಾರು ಬಿಡಂಗಿಲ್ರಿ. ಸಾಹೇಬ್ರ ಹುಕುಂ ಐತಿ."

ಒಳಗಿಂದ ಸಿಟ್ಟಿನ ದನಿ ಬಂತು: "ಯಾವ ಸಾಹೇಬರದ್ರೀ?"

ಕಾಕಾ ಬಗ್ಗಿ ನೋಡಿ ಕೈಮುಗಿದ. "ನಿಮ್ದ ರಿ."