ಕಾವು ಕೂತ ಕಂಡಕ್ಟರ್

"ಮೊಟ್ಟೆ ನೋಡ್ಕೊಳ್ಳೋದೇನು ಮಹಾ! ಸರ್ವೀಸ್ ಪೂರ್ತಿ ಬಸ್ ತುಂಬಾ ಜನಾನ ನೋಡ್ಕೊಂಡಿದೀನಿ. ಇವು ಚಿಲ್ಲರೆ ಕೇಳಲ್ಲ, ಕಿಟಕಿ ಸೀಟಿಗೆ ಕಿತ್ತಾಡಲ್ಲ. ನೀನು ನಿಶ್ಚಿಂತೆಯಾಗಿ ಹೋಗ್ಬಾ!"

ನಿವೃತ್ತ ಕಂಡಕ್ಟರ್ ಮಹಾಶಯರು ಹೀಗೆ ಹೆಂಡತಿಗೆ ಅಭಯ ನೀಡಿದರು. ಹೆಂಡತಿ ಊರಿನ ಮಹಿಳಾ ಸಂಘದ ಅಧ್ಯಕ್ಷೆ. ಕೋಳಿ ಸಾಕಣೆಗೆಂದು ಸರ್ಕಾರ ಸಂಘಕ್ಕೆ ಕೊಟ್ಟ ಮರಿ ಮಾಡುವ ಯಂತ್ರ ಅವರ ನಡುಮನೆಯಲ್ಲೇ ಠಿಕಾಣಿ ಹೂಡಿತ್ತು. ಒಳಗಿದ್ದ ಮೊಟ್ಟೆಗಳು ಇಂದೋ ನಾಳೆಯೋ ಒಡೆಯಬೇಕು. ಮರಿ ಚೆನ್ನಾಗಿ ಬಂದರೆ ಸಂಘಕ್ಕೆ ಶೆಡ್ಡು; ಕೆಟ್ಟರೆ ಯಂತ್ರವೇ ಪಕ್ಕದೂರಿನ ಪಾಲು! ಅದನ್ನು ನೋಡಲು ಸಂಜೆ ಇಲಾಖೆಯ ಅಧಿಕಾರಿಣಿ ಬರುವವರಿದ್ದರು.

"ರೀ, ಸ್ವಿಚ್ ಮಾತ್ರ ಮುಟ್ಬೇಡಿ."

"ನಾನೇನು ಮಗುನೇನೇ?"

ಅಧ್ಯಕ್ಷೆ ಮೀಟಿಂಗಿಗೆ ಹೊರಟರು. ಅಧಿಕಾರಿಣಿಯ ಎದುರು ಸುಕ್ಕು ಷರಟಿನಲ್ಲಿ ನಿಲ್ಲುವುದು ಹೇಗೆ? ನಡುಮನೆಯಲ್ಲಿ ಇದ್ದದ್ದೇ ಒಂದು ಪ್ಲಗ್ಗು. ಕಂಡಕ್ಟರ್ ಯಂತ್ರದ ವೈರು ಕಿತ್ತು ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದರು. ಷರಟಾಯಿತು, ಪ್ಯಾಂಟಾಯಿತು, ಹುರುಪಿಗೆ ಕರವಸ್ತ್ರವೂ ಆಯಿತು. ಆಮೇಲೆ ಬಹಳ ಜವಾಬ್ದಾರಿಯಿಂದ ಇಸ್ತ್ರಿಪೆಟ್ಟಿಗೆಯ ವೈರು ಕಿತ್ತು, ಇಸ್ತ್ರಿ ಬಟ್ಟೆ ತೊಟ್ಟು, ಕುರ್ಚಿಯಲ್ಲೇ ಕಣ್ಣು ಮುಚ್ಚಿದರು.

ಎಚ್ಚರವಾದಾಗ ಯಂತ್ರದ ದೀಪವಿಲ್ಲ, ಗುಂಯ್‌ಗುಡುವ ಸದ್ದೂ ಇಲ್ಲ. ಓಡಿ ಹೋಗಿ ವೈರು ಸಿಕ್ಕಿಸಿದರೆ, ಅಯ್ಯೋ, ಕರೆಂಟೇ ಹೋಗಿತ್ತು. ಮೊಟ್ಟೆಗಳು ತಣ್ಣಗಾಗುತ್ತಿದ್ದವು. ಒಂದನ್ನು ಕಿವಿಗೆ ಹಿಡಿದರು. ಒಳಗಿನಿಂದ ಕ್ಷೀಣವಾಗಿ, "ಚಿಂವ್."

ಕಂಡಕ್ಟರ್ ಕರಗಿ ನೀರಾದರು. ಮೊಟ್ಟೆಗಳನ್ನೆಲ್ಲ ಹಾಸಿಗೆಗೆ ಸಾಗಿಸಿ, ಎರಡು ಕಂಬಳಿ ಹೊದೆಸಿ, ನಡುವೆ ತಾವೂ ನುಸುಳಿದರು. ಉಸಿರಾಡಲೂ ಭಯ!

ಫೋನು ಬಂತು. "ಎಲ್ಲ ಸರಿಯಾಗಿದ್ಯಾ?"

"ಬೆಚ್ಚಗಿದೀವಿ ಕಣೇ."

"ಇದೀವಿ ಅಂದ್ರೆ?"

"ಅಂದ್ರೆ... ಅವೂ, ನಾನೂ."

ಅಷ್ಟರಲ್ಲಿ ಪಕ್ಕೆಯ ಹತ್ತಿರ ಚಟ್ ಎಂದಿತು. ಆಮೇಲೆ ಮಂಡಿಯ ಹತ್ತಿರ. ಒದ್ದೆ ಮುದ್ದೆಯಂಥ ಜೀವವೊಂದು ತೆವಳುತ್ತ ಬಂದು ಗಲ್ಲಕ್ಕೆ ಒರಗಿತು. "ನಿಧಾನ ಕಣ್ರಪ್ಪಾ, ಒಬ್ಬೊಬ್ಬರಾಗಿ ಇಳೀರಿ," ಎಂದು ಕಂಡಕ್ಟರ್ ಪಿಸುಗುಟ್ಟಿದರು. ಕಣ್ಣು ಯಾಕೋ ಮಂಜಾಗಿತ್ತು.

ಸಂಜೆ ಅಧ್ಯಕ್ಷೆ, ಅಧಿಕಾರಿಣಿ, ಹಿಂದೆ ಸಂಘದ ಹೆಂಗಸರ ದಂಡೇ ಬಂತು. ಯಂತ್ರ ಖಾಲಿ! ಕಂಡಕ್ಟರ್ ಕತ್ತಿನವರೆಗೆ ಕಂಬಳಿಯಲ್ಲಿ!

"ಜ್ವರಾನಾ?" ಅಧಿಕಾರಿಣಿ ಕೇಳಿದರು.

"ಚಿಂವ್," ಎಂದಿತು ಕಂಬಳಿ.

ಅಧ್ಯಕ್ಷೆ ಸರ್‍ರನೆ ಕಂಬಳಿ ಎಳೆದರು. ಮರಿಗಳೋ ಮರಿಗಳು! ಜೇಬಿನಲ್ಲಿ, ತೋಳಿನಲ್ಲಿ, ಇಸ್ತ್ರಿ ಮಾಡಿದ ಪ್ಯಾಂಟಿನ ಮಡಿಕೆಯಲ್ಲಿ! ಕಂಡಕ್ಟರ್ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಒಪ್ಪಿಕೊಂಡರು.

ಅಧಿಕಾರಿಣಿ ನಗು ತಡೆಯಲಾರದೆ, "ಶೆಡ್ಡು ಖಂಡಿತ ಕೊಡ್ತೀವಿ. ಆದ್ರೆ ಈ ಯೋಜನೆ ಹೆಂಗಸರಿಗೆ ಮಾತ್ರ. ಇವರನ್ನ ಏನಂತ ಬರ್ಕೊಳ್ಳಲಿ?" ಎಂದರು.

"ಸಲಕರಣೆ ಅಂತ ಬರ್ಕೊಳ್ಳಿ ಮೇಡಂ," ಎಂದರು ಅಧ್ಯಕ್ಷೆ.

ಆದರೆ ಮರಿಗಳಿಗೆ ಕಂಡಕ್ಟರೇ ಸರ್ವಸ್ವ. ಕೆಲವು ದಿನಗಳ ನಂತರ ಅವರು ಅಂಗಳಕ್ಕಿಳಿದರೆ ಹಿಂದೆ ಹಳದಿ ಮೆರವಣಿಗೆ! ಎದುರುಮನೆಯ ದರ್ಜಿ ಕಂಡು, "ಏನ್ ಕಂಡಕ್ಟ್ರೇ!" ಎಂದು ಗಟ್ಟಿಯಾಗಿ ಕೂಗಿದ.

ಅಧ್ಯಕ್ಷೆ ಬಾಗಿಲಿನಿಂದಲೇ ತುಟಿಗೆ ಬೆರಳಿಟ್ಟರು:

"ಶ್! ಮೆಲ್ಲಗೆ ಮಾತಾಡ್ಸಪ್ಪಾ, ಹಸಿ ಬಾಣಂತಿ!"